ಘಟ್ಟದ ನೀರು, ಕಡಲಿನ ಮೀನು

ಬೆಳಕು ಹರಿಯುವ ಹೊತ್ತಿಗೆ ಮಂಗಳೂರಿನ ಧಕ್ಕೆಯಿಂದ ಹೊರಟ ಮೀನಿನ ಗಾಡಿಗಳು ಬಿ.ಸಿ.ರೋಡಿಗೆ ಬಂದು ಎರಡು ದಾರಿ ಹಿಡಿಯುತ್ತವೆ. ಕೆಲವು ಬಂಟ್ವಾಳ ಪೇಟೆಯ ಮೂಲಕ ಬೆಳ್ತಂಗಡಿ ಕಡೆಗೆ ತಿರುಗುತ್ತವೆ. ಉಳಿದವು ಪಾಣೆಮಂಗಳೂರಿನ ಸೇತುವೆ ದಾಟಿ ಮೆಲ್ಕಾರಿನಲ್ಲಿ ಒಂದಿಷ್ಟು ಪೆಟ್ಟಿಗೆ ಇಳಿಸಿ ಕಲ್ಲಡ್ಕ, ಮಾಣಿ, ಉಪ್ಪಿನಂಗಡಿಯತ್ತ ಹೋಗುತ್ತವೆ. ಅದೇ ಸೇತುವೆಯ ಕೆಳಗೆ ಎದುರು ದಿಕ್ಕಿಗೆ ನೇತ್ರಾವತಿ ಹರಿಯುತ್ತಾಳೆ. ಕುದುರೆಮುಖದ ಮಗ್ಗುಲಲ್ಲಿ ಹುಟ್ಟಿದ ನೀರು, ಚಾರ್ಮಾಡಿಯ ಇಳಿಜಾರಿನ ಮೃತ್ಯುಂಜಯ ಹೊಳೆ, ಶಿಶಿಲದ ಕಪಿಲೆ, ಉಪ್ಪಿನಂಗಡಿಯಲ್ಲಿ ಬಂದು ಕೂಡುವ ಕುಮಾರಧಾರೆ, ಎಲ್ಲವೂ ಇಲ್ಲಿ ಒಂದೇ ಪಾತ್ರದಲ್ಲಿವೆ. ಕಡಲಿನ ಮೀನು ಮೇಲಕ್ಕೆ ಹೋಗುತ್ತದೆ, ಘಟ್ಟದ ನೀರು ಕಡಲಿಗೆ ಇಳಿಯುತ್ತದೆ. ಇವೆರಡೂ ಒಂದೇ ವ್ಯವಹಾರದ ಎರಡು ತುದಿಗಳು ಎಂಬುದು ಮೀನು ಕೊಳ್ಳುವವರ ತಲೆಗೂ ಬರುವುದಿಲ್ಲ, ನೀರು ತಿರುಗಿಸುವವರ ತಲೆಗೂ ಬರುವುದಿಲ್ಲ.

ಕರಾವಳಿಯ ಹೊಳೆಗಳ ಬಗ್ಗೆ ವಿಧಾನಸೌಧದಲ್ಲಿ ಮಾತು ಎದ್ದಾಗಲೆಲ್ಲ ಒಂದು ವಾದ ಕೇಳುತ್ತದೆ: ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತಿದೆ, ಅದನ್ನು ತಡೆದು ಬಳಸಿಕೊಳ್ಳಬೇಕು. ನೇತ್ರಾವತಿಯ ಮೇಲ್ಭಾಗದ ನೀರನ್ನು ತಿರುಗಿಸುವ ಎತ್ತಿನಹೊಳೆ ಯೋಜನೆ ನಿಂತಿರುವುದೇ ಈ ವಾದದ ಮೇಲೆ. ಮೀನಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗಿ ಕಾಣುತ್ತದೆ.

ಮೊದಲು ಮೀನಿನ ಮೈಯನ್ನೇ ನೋಡಬೇಕು. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ಹಾಗಾಗಿ ನೀರು ಕಿವಿರಿನ ಮೂಲಕ ಸದಾ ಒಳಗೆ ನುಗ್ಗುತ್ತಿರುತ್ತದೆ. ಮೀನು ಅದನ್ನು ತೆಳು ಮೂತ್ರವಾಗಿ ಹೊರಹಾಕುತ್ತ, ಕಳೆದುಹೋಗುವ ಉಪ್ಪನ್ನು ಕಿವಿರಿನಿಂದಲೇ ಹಿಂದಕ್ಕೆ ಎಳೆದುಕೊಳ್ಳುತ್ತ ಬದುಕಬೇಕು. ಕಡಲಿನ ಮೀನಿನ ಪಾಡು ಇದಕ್ಕೆ ತಿರುಗುಮುರುಗು. ಅದರ ಮೈಯ ನೀರನ್ನು ಉಪ್ಪುನೀರು ಹೀರುತ್ತಲೇ ಇರುತ್ತದೆ. ಅದು ಕಡಲನ್ನೇ ಕುಡಿದು ಹೆಚ್ಚಾದ ಉಪ್ಪನ್ನು ಹೊರದಬ್ಬಬೇಕು. ಈ ಎರಡೂ ಕೆಲಸ ಪುಕ್ಕಟೆಯಲ್ಲ. ತಿಂದ ಆಹಾರದ ಒಂದು ಪಾಲು ಇದಕ್ಕೇ ಖರ್ಚಾಗುತ್ತದೆ. ಉಳಿದದ್ದರಲ್ಲಿ ಓಡಾಟ, ಬೆಳವಣಿಗೆ, ರೋಗದೊಡನೆ ಹೋರಾಟ, ಕೊನೆಗೆ ಮೊಟ್ಟೆ. ನೀರು ಬಿಸಿಯಾದರೆ, ಉಪ್ಪು ಏರುಪೇರಾದರೆ, ವಿಷ ಬೆರೆತರೆ, ಮೀನಿನ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ನಮ್ಮ ಮೈಯಲ್ಲಿ ಆತಂಕದ ಹೊತ್ತಿಗೆ ಏರುವುದೂ ಅದೇ. ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದರೆ ಮದುವೆಯನ್ನು ಮುಂದೂಡುತ್ತಾರಲ್ಲ, ಮೀನೂ ಮೊದಲು ಕೈಬಿಡುವುದು ಸಂತಾನವನ್ನು. ಸತ್ತು ತೇಲುವ ಮೀನು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮೊಟ್ಟೆ ಇಡದೆ ಹೋದ ಮೀನನ್ನು ಯಾರೂ ಕಾಣುವುದಿಲ್ಲ. ಪರಿಸರದ ಒತ್ತಡ ಎಂಬುದರ ಬಹುಪಾಲು ಹೀಗೆ ಕಣ್ಣಿಗೆ ಬೀಳದ ನಷ್ಟವೇ.

ಇದರ ಮೇಲೆ ಉಸಿರಿನ ಪ್ರಶ್ನೆ. 20 ಡಿಗ್ರಿ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಬಂದರೆ ಏಳೂವರೆ ಮಿಲಿಗ್ರಾಂ ಅಷ್ಟೇ. ಬಿಸಿ ಏರಿದಂತೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿರುವುದು ಮಾತ್ರ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಬೆಳ್ತಂಗಡಿಯ ಹೊಳೆಗಳು ಹರಿವು ನಿಂತು ಗುಂಡಿ ಗುಂಡಿಗಳಾಗಿ ಒಡೆಯುತ್ತವೆ. ದಡದ ಮರಗಳ ನೆರಳಿರುವ ಆಳದ ಗುಂಡಿಯಲ್ಲಿ ಮೀನು ಮಳೆಗಾಲದವರೆಗೆ ಹೇಗೋ ದಿನ ದೂಡುತ್ತದೆ. ದಡದ ಕಾಡು ಕಡಿದು, ಎರಡೂ ಬದಿಗೆ ಪಂಪು ಇಳಿಸಿ, ಗುಂಡಿಯನ್ನು ಮೊಣಕಾಲಿನಷ್ಟು ನೀರಿಗೆ ತಂದಿಟ್ಟರೆ ಅದೇ ಮೀನು ಬಿಸಿ, ಉಸಿರು, ಇಕ್ಕಟ್ಟು ಮೂರನ್ನೂ ಒಟ್ಟಿಗೆ ಎದುರಿಸಬೇಕು. ಒಂದೊಂದನ್ನೇ ಬಿಡಿಯಾಗಿ ತಾಳಿಕೊಳ್ಳುವ ಜೀವ ಮೂರೂ ಒಟ್ಟಾಗಿ ಬಂದರೆ ಸೋಲುತ್ತದೆ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಹೊಳೆಯ ಮೀನಿಗೆ ಸಿಗುವ ಗೌರವ ಬೇರೆಡೆ ಅಪರೂಪ. ಶಿಶಿಲೇಶ್ವರ ದೇವಸ್ಥಾನದ ಮೆಟ್ಟಿಲ ಬಳಿ ಕಪಿಲೆಯಲ್ಲಿ ಮಹಶೀರ್ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಇವು ದೇವರ ಮೀನು. ಬಂದವರು ಅಕ್ಕಿ, ಪುರಿ ಹಾಕುತ್ತಾರೆ, ಹಿಡಿಯುವಂತಿಲ್ಲ. 1996ರಲ್ಲಿ ಕಿಡಿಗೇಡಿಗಳು ಹೊಳೆಗೆ ವಿಷ ಹಾಕಿದಾಗ ಸಾವಿರಾರು ಮೀನು ಸತ್ತವು. ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗೊಂದು ಸ್ಮಾರಕವಿರುವ ಊರು ನಾಡಿನಲ್ಲಿ ಎಷ್ಟಿದ್ದೀತು! ಹಾಗೆ ಅಳಿದ ಮೀನು ಮತ್ತೆ ತುಂಬಿಕೊಂಡಿತು. ಕಾರಣ ಭಕ್ತಿಯೊಂದೇ ಅಲ್ಲ. ವಿಷ ಒಂದು ಸಲ ಬಂದು ಹರಿದುಹೋಯಿತು, ಹಿನ್ನೆಲೆಯ ಕಾಡು ಉಳಿದಿತ್ತು, ಹೊಳೆ ಜೀವಂತವಾಗಿತ್ತು. ಒಂದು ದೊಡ್ಡ ಪೆಟ್ಟಿನಿಂದ ಹೊಳೆ ಏಳಬಲ್ಲದು. ಬಿಡುವಿಲ್ಲದ ಸಣ್ಣ ಪೆಟ್ಟುಗಳಿಂದ ಏಳುವುದು ಕಷ್ಟ.

ಅಂಥ ಸಣ್ಣ ಪೆಟ್ಟುಗಳನ್ನು ಕೊಡುವವರು ಕಿಡಿಗೇಡಿಗಳೇ ಆಗಬೇಕಿಲ್ಲ. ಶಿಶಿಲಕ್ಕೆ ಹತ್ತಿರದ ಕೊಕ್ಕಡದ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಸರಕಾರದ್ದೇ ನಿಗಮ. ಮನುಷ್ಯರ ಮೇಲೆ ಅದು ಮಾಡಿದ ಅನಾಹುತ ಕೊಕ್ಕಡ, ಪಟ್ರಮೆಗಳಲ್ಲೂ ಕಾಸರಗೋಡಿನ ಪಡ್ರೆಯಲ್ಲೂ ಕಣ್ಣೆದುರಿಗಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. ಮೀನಿನ ಮಟ್ಟಿಗೆ ಎಂಡೋಸಲ್ಫಾನ್ ಅತಿ ಭಯಂಕರ ಕೀಟನಾಶಕಗಳಲ್ಲೊಂದು; ಸಾವಿರ ಲೀಟರು ನೀರಿಗೆ ಒಂದೆರಡು ಮಿಲಿಗ್ರಾಂ ಬೆರೆತರೂ ಅನೇಕ ಜಾತಿಯ ಮೀನುಗಳು ಸಾಯುತ್ತವೆ. ಅದನ್ನು ಸುರಿಯುತ್ತಿದ್ದ ವರ್ಷಗಳಲ್ಲಿ ಕೊಕ್ಕಡದ ತೋಡುಗಳಲ್ಲಿ ಮೀನಿನ ಲೆಕ್ಕ ಇಟ್ಟವರು ಯಾರು?

ಅಡಿಕೆಯ ಮಾತು ಇನ್ನೂ ಸೂಕ್ಷ್ಮ. ಕೊಳೆರೋಗದ ಬೆನ್ನುಹತ್ತಿ ಅದರ ಮೂಲವನ್ನು ಗುರುತಿಸಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರ ಆಸುಪಾಸಿನ ಮಾತು ಅದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ನೂರು ವರ್ಷ ದಾಟಿದರೂ ಪಾಕ ಬದಲಾಗಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಬಿಡದಿದ್ದರೆ ಬಂಟ್ವಾಳ, ಬೆಳ್ತಂಗಡಿಯಲ್ಲಿ ಅಡಿಕೆ ಉಳಿಯುವುದಿಲ್ಲ. ಹೀಗಿರುವಾಗ ಬೆಳೆಗಾರರನ್ನು ದೂರುವುದು ಸುಲಭದ ನೀತಿಪಾಠವಾದೀತು. ಆದರೆ ತಾಮ್ರ ಮೀನಿಗೆ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಅದು ಕಿವಿರಿನಲ್ಲಿ ಉಪ್ಪು ಎಳೆದುಕೊಳ್ಳುವ ವ್ಯವಸ್ಥೆಗೇ ಅಡ್ಡ ಬರುತ್ತದೆ. ಕೊಲ್ಲುವ ಪ್ರಮಾಣಕ್ಕಿಂತ ತೀರ ಕಡಿಮೆ ಇದ್ದಾಗಲೂ ಮೀನಿನ ಮೂಗನ್ನು ಕೆಡಿಸುತ್ತದೆ. ಆಹಾರವನ್ನು, ಶತ್ರುವನ್ನು, ಹುಟ್ಟಿದ ತೋಡನ್ನು ವಾಸನೆಯಿಂದ ಹುಡುಕುವ ಪ್ರಾಣಿಗೆ ಮೂಗು ಹೋದರೆ ದಿಕ್ಕೇ ತಪ್ಪುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ತಾಮ್ರದ ವಿಷ ಹೆಚ್ಚು, ಪಶ್ಚಿಮಘಟ್ಟದಿಂದ ಇಳಿಯುವ ಮಳೆನೀರಿನ ಹೊಳೆಗಳು ತೀರ ಮೆದುನೀರಿನವು. ಸುಣ್ಣ ಬೆರೆಸಿದ್ದರಿಂದ ತಾಮ್ರ ಸಾಕಷ್ಟು ಮಟ್ಟಿಗೆ ಎಲೆ, ಮಣ್ಣುಗಳಿಗೆ ಅಂಟಿಕೊಳ್ಳುತ್ತದೆ ಎಂಬುದು ಸಮಾಧಾನ. ಮದ್ದಿನ ಡ್ರಮ್ಮನ್ನು ತೋಡಿಗೆ ತಂದು ತೊಳೆದರೆ ಆ ಸಮಾಧಾನವೂ ಉಳಿಯುವುದಿಲ್ಲ.

ಮದ್ದಿನ ಕಾಲವೇ ಮೀನು ಹತ್ತುವ ಕಾಲ ಎಂಬುದು ಇನ್ನೊಂದು ತೊಡಕು. ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ತೋಡು ಹತ್ತಿ ಗದ್ದೆಗಳಿಗೆ ನುಗ್ಗುತ್ತವೆ. ಮಲೆನಾಡಿನಲ್ಲಿ ಹತ್ತುಮೀನು ಎನ್ನುವುದನ್ನೇ ತುಳುನಾಡಿನವರು ಉಬೆರ್ ಎನ್ನುತ್ತಾರೆ. ರಾತ್ರಿ ಟಾರ್ಚು, ಕತ್ತಿ, ಕುತ್ತರಿ ಹಿಡಿದು ಹೊರಡುವ ಈ ಬೇಟೆ ಹಳ್ಳಿಯ ಹಬ್ಬವಿದ್ದಂತೆ. ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ ಎಂಬುದನ್ನು ಹಬ್ಬದ ಗಲಾಟೆಯಲ್ಲಿ ಮರೆಯುತ್ತಾರೆ. ಹಿಂದೆ ಹಾಗೆ ಹಿಡಿದರೂ ಮೀನು ಮಿಗುತ್ತಿತ್ತು, ಏಕೆಂದರೆ ಗದ್ದೆಗಳು ಮಿಗಿಲಾಗಿದ್ದವು. ಬೆಚ್ಚಗಿನ ಆಳವಿಲ್ಲದ ನೀರು, ಕೊಳೆತ ಸೊಪ್ಪಿನಲ್ಲಿ ಹುಟ್ಟುವ ಹುಳಹುಪ್ಪಟೆ, ದೊಡ್ಡ ಮೀನಿನ ಕಾಟವಿಲ್ಲದ ಜಾಗ, ಮರಿಗಳಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕೆ? ಮಜಲು ಗದ್ದೆ, ಬಯಲು ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು, ಮನೆ ನಿವೇಶನಗಳಾದವು. ಮೀನು ಹತ್ತಿ ಬಂದರೆ ಸಿಗುವುದು ಕಾಂಕ್ರೀಟಿನ ಚರಂಡಿ.

2019ರ ಆಗಸ್ಟ್ 9ರಂದು ಚಾರ್ಮಾಡಿಯ ಬೆಟ್ಟಗಳು ಜಾರಿದ್ದು ಬೆಳ್ತಂಗಡಿಯವರು ಮರೆಯುವಂಥದ್ದಲ್ಲ. ಮೃತ್ಯುಂಜಯ ಹೊಳೆ ದಾರಿ ಬಿಟ್ಟು ತೋಟಗಳ ಮೇಲೆ ಹರಿಯಿತು, ಆಳೆತ್ತರ ಮರಳು, ಮರದ ದಿಮ್ಮಿಗಳು ತುಂಬಿದವು. ಕೆಳಗೆ ಬಂಟ್ವಾಳ ಪೇಟೆಗೂ ಪಾಣೆಮಂಗಳೂರಿನ ತಗ್ಗಿನ ಮನೆಗಳಿಗೂ ನೀರು ಬಂತು. ಹಳಬರು 1974ರ ನೆರೆಯನ್ನು ನೆನೆದರು. ನೆರೆ ಹೊಸದಲ್ಲ, ಹೊಳೆಯ ಬದುಕಿಗೆ ನೆರೆ ಬೇಕೂ ಹೌದು. ಹೊಸದೇನೆಂದರೆ ಒಂದೇ ದಿನದಲ್ಲಿ ಸುರಿಯುವ ಮಳೆಯ ರಭಸ, ಅದನ್ನು ಹೀರಿಕೊಳ್ಳಬೇಕಾದ ಗುಡ್ಡದ ಮೇಲಿನ ಅಗೆತ. ಹೊಳೆಯ ತಳದಲ್ಲಿ ಉರುಟುಕಲ್ಲುಗಳ ಸಂದಿಯಲ್ಲಿ ಮೀನಿನ ಮೊಟ್ಟೆ, ಏಡಿ, ಹುಳುಗಳು ಇರುತ್ತವೆ. ನಯವಾದ ಕೆಂಪುಮಣ್ಣು ಆ ಸಂದಿಗಳನ್ನು ಮುಚ್ಚಿದರೆ ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಮೀನಿನ ಕಿವಿರಿಗೂ ಆ ಮಣ್ಣು ಮೆತ್ತಿಕೊಳ್ಳುತ್ತದೆ.

ಮೆಲ್ಕಾರಿನ ಹತ್ತಿರದ ನೇತ್ರಾವತಿ ಬೇಸಿಗೆಯಲ್ಲಿ ನಿಜವಾಗಿ ಹೊಳೆಯಲ್ಲ. ಮೇಲಿನಿಂದ ಲೆಕ್ಕ ಹಾಕಿದರೆ ಬಿಳಿಯೂರು, ಶಂಭೂರು, ಜಕ್ರಿಬೆಟ್ಟು, ತುಂಬೆ, ಅದರ ಕೆಳಗೆ ಹರೇಕಳ–ಅಡ್ಯಾರ್, ಹೀಗೆ ಅಣೆಕಟ್ಟುಗಳ ಸಾಲು. ಜಕ್ರಿಬೆಟ್ಟಿಗೂ ತುಂಬೆಗೂ ನಡುವೆ ಪಾಣೆಮಂಗಳೂರಿನ ಸೇತುವೆಯಡಿ ನಿಂತದ್ದು ಮಂಗಳೂರಿನ ನಲ್ಲಿಯ ನೀರು. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ಮಳೆ ತಡವಾದಾಗ ನಗರಕ್ಕೆ ನೀರಿನ ರೇಷನ್ ಮಾಡಬೇಕಾಗಿ ಬಂತು. ಕುಡಿಯುವ ನೀರಿನ ಮುಂದೆ ಮೀನಿನ ಮಾತು ಎತ್ತುವುದೇ ಅಪಚಾರವೆನ್ನಿಸುವ ಹೊತ್ತು ಅದು. ಆದರೂ ನಿಂತ ನೀರು ಹರಿಯುವ ನೀರಿಗಿಂತ ಬೇರೆ ಜೀವಗಳನ್ನು ಸಾಕುತ್ತದೆ. ಕಲ್ಲಿಗೆ ಕಚ್ಚಿಕೊಂಡು ಪಾಚಿ ಕೆರೆಯುವ ಘಟ್ಟದ ಸಣ್ಣ ಮೀನುಗಳಿಗೆ ಅಲ್ಲಿ ಜಾಗವಿಲ್ಲ, ಎಲ್ಲಿಂದಲೋ ತಂದುಬಿಟ್ಟ ತಿಲಾಪಿಯಾ ಸುಖವಾಗಿರುತ್ತದೆ.

ಕೊನೆಯ ಹರೇಕಳ–ಅಡ್ಯಾರ್ ಅಣೆಕಟ್ಟಿನ ಒಂದು ಉದ್ದೇಶ ಉಪ್ಪುನೀರು ಮೇಲೇರದಂತೆ ತಡೆಯುವುದು. ದಡದ ಬಾವಿಗಳಿಗೆ ಇದರಿಂದ ಅನುಕೂಲ, ಅನುಮಾನವಿಲ್ಲ. ಹಾಗೆ ಮಾಡಿದ ಇನ್ನೊಂದು ಊರಿನ ಅನುಭವ ಮಾತ್ರ ಎಚ್ಚರ ಹೇಳುತ್ತದೆ. ಕೇರಳದ ವೆಂಬನಾಡು ಹಿನ್ನೀರಿಗೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಬಂಡು ಕಟ್ಟಿ ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಂತೆ ಮಾಡಿದರು. ಉಪ್ಪು ನಿಂತಿತು. ಅದರೊಂದಿಗೆ ಉಬ್ಬರವಿಳಿತದ ತೊಳೆತವೂ ನಿಂತು ಅಂತರಗಂಗೆ ಹಬ್ಬಿತು, ಸಿಹಿನೀರಿನ ದೊಡ್ಡ ಸಿಗಡಿ ಕಡಿಮೆಯಾಯಿತು. ಆ ಸಿಗಡಿ ಬೆಳೆಯುವುದು ಸಿಹಿನೀರಿನಲ್ಲಿ, ಅದರ ಮರಿಗಳು ಬದುಕುವುದು ಸವುಳು ನೀರಿನಲ್ಲಿ. ತಾಯಿ ಅಳಿವೆಗೆ ಇಳಿಯಬೇಕು, ಮರಿ ಮೇಲಕ್ಕೆ ಹತ್ತಬೇಕು. ನಮ್ಮ ಹೊಳೆಗಳ ಹಾವುಮೀನಿನ ಪ್ರಯಾಣ ಇದಕ್ಕಿಂತಲೂ ದೊಡ್ಡದು: ವರ್ಷಗಟ್ಟಲೆ ಹೊಳೆಯ ಬಿಲದಲ್ಲಿದ್ದು ಮೊಟ್ಟೆ ಇಡಲು ಆಳ ಸಮುದ್ರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಬಾಗಿಲು ತೆರೆದಿರುವುದರಿಂದ ನೇತ್ರಾವತಿಯಲ್ಲಿ ದಾರಿ ಪೂರ್ತಿ ಮುಚ್ಚಿಲ್ಲ. ಬಾಗಿಲು ಇಳಿಸುವ, ಎತ್ತುವ ದಿನವನ್ನು ನಿರ್ಧರಿಸುವಾಗ ಮೀನುಗಾರಿಕೆ ಇಲಾಖೆಯನ್ನೂ ಒಂದು ಮಾತು ಕೇಳಿದರೆ ಖರ್ಚೇನೂ ಇಲ್ಲ.

ಉತ್ತರಕ್ಕೆ ಫಲ್ಗುಣಿಯ ಕಥೆ ಬೇರೆ. ವೇಣೂರಿನ ಬಾಹುಬಲಿಯ ಪಾದದ ಬಳಿ ಹರಿದು ಮೂಡುಬಿದಿರೆ, ಗುರುಪುರಗಳ ಮಗ್ಗುಲಿನಲ್ಲಿ ಸಾಗಿ ಬರುವ ಈ ನದಿ ಮಂಗಳೂರಿನ ಕೈಗಾರಿಕೆಗಳ ನೆರೆಗೆ ಬರುವಷ್ಟರಲ್ಲಿ ಬಣ್ಣ ಬದಲಿಸುತ್ತದೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಂದಾರದ ಮೇಲೆ ಜಾರಿ ಮನೆ, ತೋಟ, ದೈವಸ್ಥಾನಗಳನ್ನು ಮುಚ್ಚಿತು. ಕಸದಿಂದ ಸೋರಿದ ಕಪ್ಪುನೀರು ತೋಡು ಹಿಡಿದು ಫಲ್ಗುಣಿ ಸೇರಿತು. ಕೊಳೆನೀರು ಹೊಳೆಗೆ ಬಿದ್ದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಮೀನಿನ ಪಾಲಿನ ಆಮ್ಲಜನಕವನ್ನೂ ಉಸಿರಾಡಿಬಿಡುತ್ತವೆ. ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಇದು ಇನ್ನೂ ಬೇಗ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೆಮ್ಮೆಪಡುವ ಮೂಡುಬಿದಿರೆಯಲ್ಲಿ ಬಸದಿಗಳಿಗೆ ಸಿಕ್ಕ ಕಾಳಜಿ ಎಲ್ಲ ಕೆರೆಗಳಿಗೂ ಸಿಕ್ಕಿದ್ದರೆ ಎಂದು ಅಂದುಕೊಳ್ಳದೆ ಮುಂದೆ ಹೋಗಲಾಗುವುದಿಲ್ಲ.

ಎರಡು ನದಿಗಳೂ ಬೆಂಗ್ರೆ–ಉಳ್ಳಾಲದ ಅಳಿವೆಯಲ್ಲಿ ಕೂಡಿ ಕಡಲು ಸೇರುತ್ತವೆ. ಜುಲೈಯಲ್ಲಿ ಇಲ್ಲಿ ನಾಲಗೆಗೆ ಸಿಹಿನೀರು, ಏಪ್ರಿಲಿನಲ್ಲಿ ಬರೀ ಉಪ್ಪು. ಈ ಏರಿಳಿತಕ್ಕೆ ಹೊಂದಿಕೊಂಡ ಜೀವ ಮರುವಾಯಿ ಎಂಬ ಚಿಪ್ಪುಮೀನು. ಒಗ್ಗದ ನೀರು ಬಂದರೆ ಚಿಪ್ಪು ಬಿಗಿದು ಒಳಗೇ ಕಾಯುತ್ತದೆ. ಆದರೆ ಚಿಪ್ಪು ಮುಚ್ಚಿರುವಷ್ಟು ಹೊತ್ತು ಊಟವಿಲ್ಲ, ಉಸಿರಿಲ್ಲ. ಕೆಲವು ಜಾತಿಗಳಿಗೆ ಮೊಟ್ಟೆ ಬಿಡಲು ಉಪ್ಪು ಇಳಿದ ಸೂಚನೆಯೇ ಬೇಕು. ಸಿಹಿನೀರು ತಡವಾಗಿ ಬಂದರೆ, ಕಡಿಮೆ ಬಂದರೆ, ಅವುಗಳ ಪಂಚಾಂಗವೇ ಕೆಡುತ್ತದೆ. ಮರುವಾಯಿಯ ಮನೆ ಮರಳು. ಆ ಮರಳನ್ನು ದೋಣಿಗಟ್ಟಲೆ, ಯಂತ್ರಗಟ್ಟಲೆ ಎತ್ತಿದ ಮೇಲೆ ಪಂಚಾಂಗ ಸರಿಯಿದ್ದೂ ಉಪಯೋಗವಿಲ್ಲ. ಉಚ್ಚಿಲ, ಉಳ್ಳಾಲಗಳಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕುವಾಗಲೂ ದಡಕ್ಕೆ ಮರಳು ತಂದುಕೊಡುವುದು ಹೊಳೆ ಎಂಬುದನ್ನು ನೆನೆಯಬೇಕು.

ಮರುವಾಯಿ ದಿನವಿಡೀ ನೀರು ಸೋಸಿ ತಿನ್ನುತ್ತದೆ. ನೀರಿನಲ್ಲಿದ್ದದ್ದೆಲ್ಲ ಅದರ ಮಾಂಸದಲ್ಲಿ ಸೇರುತ್ತದೆ. 1983ರಲ್ಲಿ ಕುಂಬಳೆ ಸಮೀಪದ ಆರಿಕ್ಕಾಡಿಯಲ್ಲಿ ಅಳಿವೆಯ ಚಿಪ್ಪುಮೀನು ತಿಂದ ಒಬ್ಬ ಹುಡುಗ ಸತ್ತ, ಹಲವರು ಆಸ್ಪತ್ರೆ ಸೇರಿದರು. ಕಾರಣ ಹುಡುಕಿದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು. 1969ರಲ್ಲಿ ಶುರುವಾದ ಈ ಕಾಲೇಜು ದೇಶದಲ್ಲೇ ಮೊದಲನೆಯದು. ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಅದು ನರಗಳನ್ನು ನಿಷ್ಕ್ರಿಯಗೊಳಿಸುವ ಪಾಚಿ ವಿಷವೆಂದು ತೋರಿಸಿದರು. ಸೂಕ್ಷ್ಮ ಪಾಚಿಗಳಲ್ಲಿ ಹುಟ್ಟುವ ಈ ವಿಷ ಬೇಯಿಸಿದರೂ ಹೋಗುವುದಿಲ್ಲ. ಮರುವಾಯಿಗೆ ಅದರಿಂದ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. ಇಂಥ ಪಾಚಿ ಉಕ್ಕುವುದು ಪ್ರಕೃತಿಯಲ್ಲಿ ಇದ್ದದ್ದೇ. ಊರಿನ ಚರಂಡಿ, ಹೊಲದ ಗೊಬ್ಬರ ಅಳಿವೆಗೆ ಇಳಿದಷ್ಟೂ ಪಾಚಿಗೆ ಹಬ್ಬದೂಟ.

ಇನ್ನು ಕಡಲು. ಮಳೆಗಾಲದ ಗಾಳಿ ಕರಾವಳಿಯ ಮೇಲ್ಪದರದ ನೀರನ್ನು ಹೊರಕ್ಕೆ ತಳ್ಳುತ್ತದೆ, ಅದರ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿಬರುತ್ತದೆ. ಆ ನೀರಿನಲ್ಲಿ ಗೊಬ್ಬರ ಸಮೃದ್ಧ, ಆಮ್ಲಜನಕ ಅಲ್ಪ. ಗೊಬ್ಬರ ಸಿಕ್ಕ ಡಯಾಟಮ್ ಎಂಬ ಗಾಜಿನ ಚಿಪ್ಪಿನ ಸೂಕ್ಷ್ಮಸಸ್ಯಗಳು ಕಡಲು ತುಂಬ ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ ಬರುತ್ತದೆ. ಮದ್ರಾಸು ಪ್ರಾಂತ್ಯದ ಮೀನುಗಾರಿಕೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1920ರ ದಶಕದಲ್ಲೇ ಬೂತಾಯಿಯ ಬದುಕನ್ನು ಅಭ್ಯಾಸ ಮಾಡಿದ್ದರು. ಫ್ರಾಜಿಲೇರಿಯಾ ಓಷಿಯಾನಿಕ ಎಂಬ ಡಯಾಟಮ್ ಹೆಚ್ಚಿದ ವರ್ಷ ಬೂತಾಯಿಯೂ ಹೆಚ್ಚು ಎಂಬುದನ್ನು ನಂತರದವರು ಗುರುತಿಸಿದರು. ಡಯಾಟಮ್ಮಿನ ಚಿಪ್ಪಿಗೆ ಬೇಕಾದ ಸಿಲಿಕಾವನ್ನು ಕಲ್ಲು, ಮಣ್ಣುಗಳಿಂದ ಕರಗಿಸಿ ತರುವುದರಲ್ಲಿ ಹೊಳೆಗಳ ಪಾಲು ದೊಡ್ಡದು.

ಹೊಳೆ ನಿಂತರೆ ಕಡಲಿನ ಬೂತಾಯಿಗೆ ಏನಾದೀತು ಎಂಬ ಪ್ರಶ್ನೆಗೆ ಈಜಿಪ್ಟಿನಲ್ಲಿ ಒಂದು ಉತ್ತರವಿದೆ. ನೈಲ್ ನದಿಯ ನೆರೆ ಪ್ರತಿವರ್ಷ ಮೆಡಿಟರೇನಿಯನ್ನಿಗೆ ಇಳಿದಾಗ ಅಲ್ಲಿ ಬೂತಾಯಿಯ ಸಂಬಂಧಿ ಮೀನು ರಾಶಿಯಾಗಿ ಬರುತ್ತಿತ್ತು. 1962ರಲ್ಲಿ ಹಿಡಿದದ್ದು ಸುಮಾರು 18 ಸಾವಿರ ಟನ್. ಅಸ್ವಾನ್ ಅಣೆಕಟ್ಟು ನೆರೆಯನ್ನು ತಡೆದ ಮೇಲೆ, 1968ರಲ್ಲಿ, ಅದು 500 ಟನ್ನನ್ನೂ ಮುಟ್ಟಲಿಲ್ಲ. ನಮ್ಮ ಕಡಲು ಮೆಡಿಟರೇನಿಯನ್ ಅಲ್ಲ, ಇಲ್ಲಿ ಆಳದಿಂದ ಏರುವ ನೀರೇ ಮುಖ್ಯ ಅನ್ನದಾತ. ನೇತ್ರಾವತಿಯೊಂದನ್ನು ತಿರುಗಿಸಿದ ಮಾತ್ರಕ್ಕೆ ಬೂತಾಯಿ ಮಾಯವಾಗುತ್ತದೆ ಎಂದರೆ ಅತಿಶಯೋಕ್ತಿ. ಆದರೆ ಕಡಲು ಸೇರಿದ ನೀರು ಪೋಲು ಎಂಬ ಮಾತು ಅದಕ್ಕಿಂತ ದೊಡ್ಡ ಅತಿಶಯೋಕ್ತಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆ 24.01 ಟಿಎಂಸಿ ನೀರು ಎತ್ತುವ ಲೆಕ್ಕ ಹೇಳುತ್ತದೆ. ಆ ಜಲಾನಯನದಲ್ಲಿ ಸಿಗುವುದೇ ಸುಮಾರು 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಂದಾಜು ಮಾಡಿತ್ತು. ಎರಡೂ ಲೆಕ್ಕಗಳಲ್ಲಿ ಅಳಿವೆಯ ಮರುವಾಯಿಗೆ ಎಷ್ಟು ಬೇಕು ಎಂಬ ಕಾಲಂ ಜನರ ಚರ್ಚೆಗೆ ಬರಲೇ ಇಲ್ಲ.

ಬೂತಾಯಿ ಮೊದಲಿನಿಂದಲೂ ನಂಬಲಾಗದ ಮೀನು. ಒಂದು ಕಾಲಕ್ಕೆ ತೆಂಗಿನ ಬುಡಕ್ಕೆ ಗೊಬ್ಬರವಾಗುವಷ್ಟು ಬರುತ್ತಿತ್ತು, ಅದರ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು. 1940ರ ದಶಕದಲ್ಲಿ ಕುಸಿಯಿತು. ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸು ಸರಕಾರ 1943ರಲ್ಲಿ ಮರಿಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಆಗ ಕಡಲಲ್ಲಿ ಯಂತ್ರದೋಣಿಯೇ ಇರಲಿಲ್ಲ. ಆದ್ದರಿಂದ ಎಲ್ಲ ಕುಸಿತಕ್ಕೂ ಬೋಟಿನವರೇ ಕಾರಣ ಎನ್ನಲಾಗದು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅಲ್ಲಿಂದ ಈಚೆಗೆ ಪ್ರಕೃತಿಯ ಏರಿಳಿತದ ಮೇಲೆ ಮನುಷ್ಯನ ಏರಿಳಿತವೂ ಸೇರಿಕೊಂಡಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ಸಿಕ್ಕದ್ದು 3,297 ಟನ್. ಅಚ್ಚಿನಲ್ಲಿ ‘ಲಕ್ಷ’ ಎಂಬ ಪದ ಬಿಟ್ಟುಹೋಗಿಲ್ಲ, ಸಿಕ್ಕದ್ದೇ ಅಷ್ಟು. ಆಮೇಲೆ ಮೀನು ಮರಳಿತು. ಮರಳಿದ್ದರಲ್ಲಿ ಮರಿಯೇ ಹೆಚ್ಚು ಕಂಡ ದಿನಗಳೂ ಇದ್ದವು, ಆ ಮರಿಗಳನ್ನು ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಕಳಿಸುವ ಆಸೆಯೂ ಮರಳಿತು.

ಬಿಸಿಯಾಗುತ್ತಿರುವ ಕಡಲು ಮೀನಿನ ವಿಳಾಸವನ್ನೇ ಬದಲಿಸುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಪ್ರಕಾರ ಪಶ್ಚಿಮ ಹಿಂದೂ ಮಹಾಸಾಗರ ಒಂದು ಶತಮಾನದಲ್ಲಿ 1.2 ಡಿಗ್ರಿಯವರೆಗೆ ಬೆಚ್ಚಗಾಗಿದೆ. ಮೇಲ್ಪದರ ಬಿಸಿಯಾದರೆ ಅದು ಹಗುರಾಗಿ ಮೇಲೆಯೇ ನಿಲ್ಲುತ್ತದೆ, ತಳದ ಗೊಬ್ಬರ ಮೇಲೆ ಬರುವುದಕ್ಕೆ ಅಡ್ಡಿ. ಹಿಂದೆ ಕೇರಳದಿಂದ ಉತ್ತರ ಕನ್ನಡದ ತನಕ ಮಾತ್ರ ಹೇರಳವಾಗಿದ್ದ ಬೂತಾಯಿ ಈಗ ಮಹಾರಾಷ್ಟ್ರ, ಗುಜರಾತಿನಲ್ಲೂ ಬಂಗಾಳ ಕೊಲ್ಲಿಯ ಕಡೆಯಲ್ಲೂ ಸಿಗುತ್ತದೆ. ಬಂಗುಡೆ ಆಳಕ್ಕೆ ಇಳಿಯುತ್ತಿದೆ. ಅದು ಮೇಲ್ಪದರದ ಮೀನು. 1980ರ ದಶಕದ ಕೊನೆಗೆ ತಳ ಗೋರುವ ಟ್ರಾಲ್ ಬಲೆಗಳಿಗೆ ಸಿಗುತ್ತಿದ್ದದ್ದು ನೂರರಲ್ಲಿ ಎರಡು ಪಾಲು. ಇಪ್ಪತ್ತು ವರ್ಷದಲ್ಲಿ ಅದು ಹದಿನೈದರ ಹತ್ತಿರ ಬಂದುದನ್ನು ಇ. ವಿವೇಕಾನಂದನ್ ಅವರಂಥ ವಿಜ್ಞಾನಿಗಳು ತೋರಿಸಿದರು. ಮೀನು ಬಿಸಿಯಿಂದ ತಪ್ಪಿಸಿಕೊಳ್ಳಲು ಕೆಳಗೆ ಹೋದರೆ ಬಲೆಯೂ ಕೆಳಗೇ ಕಾದಿರುತ್ತದೆ.

2020ರ ನವೆಂಬರಿನಲ್ಲಿ ಕರಾವಳಿಯ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವು. ಸೋಮೇಶ್ವರ, ಪಡುಬಿದ್ರಿ, ಮಲ್ಪೆಗಳಿಗೆ ಜನ ಮಕ್ಕಳನ್ನು ಕರೆದುಕೊಂಡು ಹೋದರು, ಮೊಬೈಲುಗಳಲ್ಲಿ ವಿಡಿಯೋ ಹರಿದಾಡಿತು. ಹೊಳೆದದ್ದು ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ. ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಇದರ ಹಸಿರು ಬಗೆ ಭಾರಿ ಪ್ರಮಾಣದಲ್ಲಿ ಹಬ್ಬತೊಡಗಿದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಡಯಾಟಮ್ ಸೊರಗಿದರೆ ಇದು ಕೊಬ್ಬುತ್ತದೆ ಎಂದು ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮೊದಲಾದವರ 2014ರ ಸಂಶೋಧನೆ ಹೇಳಿತು. ಬೂತಾಯಿಗೆ ಇದು ಊಟವಲ್ಲ, ಜೆಲ್ಲಿಮೀನಿನಂಥವಕ್ಕೆ ಊಟ. ನೋಡಲು ಚೆಂದವಾದದ್ದೆಲ್ಲ ಕಡಲಿನ ಆರೋಗ್ಯದ ಗುರುತಲ್ಲ.

ಇದರ ನಡುವೆ ಆಕಸ್ಮಿಕಗಳು ಬೇರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ, 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪಾಡಿಯ ಎದುರು ಮುಳುಗಿದ ಪ್ರಿನ್ಸೆಸ್ ಮಿರಾಲ್ ಹಡಗು, 2025ರ ಮೇಯಲ್ಲಿ ಕೊಚ್ಚಿಯಾಚೆ ಮುಳುಗಿ ಪ್ಲಾಸ್ಟಿಕ್ ಕಾಳುಗಳನ್ನು ದಡಕ್ಕೆ ಚೆಲ್ಲಿದ ಎಂಎಸ್‌ಸಿ ಎಲ್ಸಾ 3. ಇವುಗಳಿಗೆ ತಲೆಬರಹ ಸಿಗುತ್ತದೆ, ಪರಿಹಾರದ ಮಾತೂ ಬರುತ್ತದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ತಗ್ಗುವ ಆಮ್ಲಜನಕಕ್ಕೆ, ಏರುವ ಬಿಸಿಗೆ, ತಡವಾಗುವ ಸಿಹಿನೀರಿಗೆ ಪರಿಹಾರ ಕೇಳುವ ಅರ್ಜಿಯನ್ನು ಎಲ್ಲಿ ಕೊಡಬೇಕು?

ಕಡಲ ಬಿಸಿಯನ್ನು ಬಂಟ್ವಾಳದಲ್ಲಿ ಕುಳಿತು ಇಳಿಸಲಾಗುವುದಿಲ್ಲ. ಒತ್ತಡಗಳು ಒಂದರ ಮೇಲೊಂದು ಕೂಡಿ ಕೊಲ್ಲುತ್ತವೆ ಎಂದಾದರೆ, ಕೈಗೆಟಕುವ ಒಂದೆರಡನ್ನು ಇಳಿಸಿದರೂ ಮೀನಿಗೆ ಉಳಿದವನ್ನು ತಾಳುವ ತ್ರಾಣ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಕಡಲಲ್ಲಿ ಹೆಚ್ಚುಕಡಿಮೆ ಪಾಲನೆಯಾಗುತ್ತದೆ. ಅದೇ ತಿಂಗಳುಗಳಲ್ಲಿ ತೋಡು ಹತ್ತುವ ಮೀನಿಗೂ ಅಂಥ ಬಿಡುವು ಬೇಕು. ಹೊಳೆಗೆ ತೋಟೆ ಎಸೆಯುವವರ ಮೇಲೆ, ಬ್ಲೀಚಿಂಗ್ ಪೌಡರ್ ಸುರಿಯುವವರ ಮೇಲೆ ಕೇಸು ಬೀಳಬೇಕು. ಕೇರಳ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಗಾತ್ರ ಗೊತ್ತು ಮಾಡಿದೆ. ಮೆಲ್ಕಾರಿನ ಮಾರುಕಟ್ಟೆಯಲ್ಲೂ ಬೆರಳುದ್ದದ ಬೂತಾಯಿಯನ್ನು ಬೇಡ ಎನ್ನುವ ಗಿರಾಕಿಗಳು ಹೆಚ್ಚಿದರೆ ಸುದ್ದಿ ಧಕ್ಕೆಗೆ ತಲುಪಲು ಬಹಳ ದಿನ ಬೇಕಾಗುವುದಿಲ್ಲ.

ಹೊಳೆಯ ಮಟ್ಟಿಗೆ ಕೇಳಬೇಕಾದದ್ದು ಇನ್ನೂ ಸ್ಪಷ್ಟ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗಂಗೆಗೆ ಕನಿಷ್ಠ ಹರಿವನ್ನು ನಿಗದಿ ಮಾಡಿತು. ಮೂಲದ ಹಿಮನದಿಗಳಿಂದ ದೇವಪ್ರಯಾಗದ ಮೂಲಕ ಹರಿದ್ವಾರದ ತನಕ ಒಣ ತಿಂಗಳುಗಳಲ್ಲಿ ಸರಾಸರಿ ಹರಿವಿನ ಶೇಕಡ 20ರಷ್ಟು, ಮಳೆಗಾಲದಲ್ಲಿ ಶೇಕಡ 30ರಷ್ಟು ನೀರು ಹೊಳೆಯಲ್ಲೇ ಇರಬೇಕು. ನೇತ್ರಾವತಿಗೂ ಫಲ್ಗುಣಿಗೂ ಅಂಥ ಅಂಕಿ ಬೇಕು. ಬೇಸಿಗೆ ಬಂತೆಂದರೆ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂದು ಮಂಗಳೂರಿನ ಪತ್ರಿಕೆಗಳು ದಿನವೂ ಬರೆಯುತ್ತವೆ. ತುಂಬೆಯ ಕೆಳಗೆ ಕಡಲಿನತ್ತ ಎಷ್ಟು ಹರಿಯಿತು ಎಂಬುದನ್ನೂ ಜಿಲ್ಲಾಡಳಿತ ಅಳೆದು ಕೊಡಲಿ, ಪತ್ರಿಕೆಗಳು ಅದನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ.